ಎಐ ಕಡೆಯಿಂದ ಪಿಪಿಟಿ ಮಾಡ್ಸೋರು ಟೂಲ್ ಹೆಂಗ ಆರಿಸ್ಕೋಬೇಕು

ಪಿಪಿಟಿ ಮಾಡ್ಲಿಕ್ಕೆ ಯಾವ ಎಐ ಛಲೋ ಅದ ಅಂತ ಕೇಳೋರಿಗೆಲ್ಲಾ ನಾ ಮೊದಲು ತಿರುಗಿ ಕೇಳೋದು ಒಂದೇ, ಆ ಸ್ಲೈಡ್ ಕೊನೀಗೆ ಯಾರ ಕೈಗೆ ಹೋಗ್ತದ? ಪುಣೆ ಹಿಂಜವಡಿಯ ಐಟಿ ಆಫೀಸಿನ್ಯಾಗ ಮ್ಯಾನೇಜರ್ ತಗೊಂಡು ತಮಗ ಬೇಕಾದಂಗ ತಿದ್ದೋರಿದ್ದಾರೋ, ಕಾಲೇಜಿನ್ಯಾಗ ಪೆನ್‌ಡ್ರೈವ್ ಹಚ್ಚಿ ಹಳೇ ಕಂಪ್ಯೂಟರ್ ಮ್ಯಾಲೆ ತೋರಿಸೋದದನೋ, ಇಲ್ಲಾ ಪುಣೆ ಕನ್ನಡಿಗರ ರಾಜ್ಯೋತ್ಸವದಾಗ ಪ್ರೊಜೆಕ್ಟರ್ ಮ್ಯಾಲೆ ಹಾಕೋದದನೋ. ಈ ಮೂರಕ್ಕೂ ಒಂದೇ ಟೂಲ್ ಹೊಂದೂದಿಲ್ರಿ. ಯೂಟ್ಯೂಬಿನ್ಯಾಗ ತೋರ್ಸೋ ಡೆಮೋದಾಗ ಎರಡು ಸಾಲು ಇಂಗ್ಲಿಷ್ ಬರೀತಾರ, ಚಂದನ ಹತ್ತು ಸ್ಲೈಡ್ ಬಂದುಬಿಡ್ತಾವ, ಅದನ್ನ ನೋಡಿ ರೊಕ್ಕ ಕಟ್ಟಬ್ಯಾಡ್ರಿ.

ಆಫೀಸಿನ ಕೆಲಸ ಇದ್ರ ಹೊರಗಿನ ಟೂಲ್ ಹುಡುಕೋಕಿಂತ ಮೊದಲ ಆಫೀಸಿನ್ಯಾಗ ಏನದ ನೋಡ್ರಿ. ಮೈಕ್ರೋಸಾಫ್ಟ್ ಇದ್ದಲ್ಲಿ ಪವರ್‌ಪಾಯಿಂಟ್ ಒಳಗೇ ಕೋಪೈಲಟ್ ಅನ್ನೋ ಎಐ ಸಿಗ್ತದ, ಅದರ ಲೈಸೆನ್ಸ್ ಮಾತ್ರ ಕಂಪನಿ ತಗೊಂಡಿರಬೇಕು. ಗೂಗಲ್ ಇದ್ದಲ್ಲಿ ಸ್ಲೈಡ್ಸ್ ಒಳಗ ಅವರದೇ ಎಐ ಜೆಮಿನಿ. ಇವು ಮಾಡೋ ಡಿಸೈನ್ ಸ್ವಲ್ಪ ಸಪ್ಪಗ ಅನಿಸಬಹುದು, ಆದ್ರ ಕಂಪನಿ ಟೆಂಪ್ಲೇಟ್ ಅಲ್ಲೇ ಇರ್ತದ, ಆಮ್ಯಾಲೆ ಯಾರು ಬೇಕಾದ್ರೂ ತೆಗೆದು ತಿದ್ದಬಹುದು. ಕ್ಲೈಂಟ್ ಹೆಸರು, ರೇಟು, ಲೆಕ್ಕ ಇರೋ ಫೈಲನ್ನ ಐಟಿ ಟೀಮಿಗೆ ಕೇಳದ ಯಾವ ಫ್ರೀ ವೆಬ್‌ಸೈಟಿಗೂ ಅಪ್ಲೋಡ್ ಮಾಡಬ್ಯಾಡ್ರಿ, ಇದೊಂದು ವಿಷಯದಾಗ ನಾ ಭಾಳ ಗಟ್ಟಿ.

ಒಂದು ವಿಷಯ ಕೊಟ್ಟು ಪೂರ್ತಿ ಡೆಕ್, ಅಂದ್ರ ಎಲ್ಲಾ ಸ್ಲೈಡಿನ ಒಂದು ಸೆಟ್, ಬೇಕು ಅನ್ನೋರಿಗೆ ಗಾಮಾ ಅನ್ನೋ ವೆಬ್ ಟೂಲ್ ಛಲೋ. ಮೊದಲು ಔಟ್‌ಲೈನ್ ತೋರಿಸ್ತದ, ಅಲ್ಲೇ ಕೂತು ತಿದ್ರಿ, ಹಂಗೇ ಮುಂದ ಒತ್ತಬ್ಯಾಡ್ರಿ, ಯಾಕಂದ್ರ ಔಟ್‌ಲೈನ್ ಸರಿ ಇಲ್ಲಂದ್ರ ಮುಂದಿನದೆಲ್ಲಾ ದಂಡ. ಆದ್ರ ಗಾಮಾ ಕಾರ್ಡ್ ಲೆಕ್ಕದಾಗ ಕೆಲಸ ಮಾಡ್ತದ, ವೆಬ್ ಪೇಜಿನ ಹಂಗ ಕಾರ್ಡ್ ಉದ್ದ ಬೆಳೀಬಹುದು, ಅದನ್ನ ಪವರ್‌ಪಾಯಿಂಟಿಗೆ ಇಳಿಸಿದಾಗ ಜೋಡಣಿ ಅಲ್ಲಲ್ಲಿ ಹೆಚ್ಚುಕಮ್ಮಿ ಆಗ್ತದ. ಲಿಂಕ್ ಕಳಿಸೋರಿಗೆ ಇದರ ಚಿಂತಿಲ್ಲ. ಫೋಟೋ, ಪೋಸ್ಟರ್, ಸನ್ಮಾನ, ಇಂಥಾ ಸ್ಲೈಡಿಗೆ ಕ್ಯಾನ್ವಾ. ಬ್ಯೂಟಿಫುಲ್ ಡಾಟ್ ಎಐ ಅಂತದ, ಅದರಾಗ ನೀವು ಒಂದು ಪಾಯಿಂಟ್ ಸೇರಿಸಿದ್ರ ಉಳಿದದ್ದು ತಾನೇ ಸರಿದು ಜಾಗ ಮಾಡ್ತದ, ಡಿಸೈನ್ ಗೊತ್ತಿಲ್ಲದೋರಿಗೆ ಅನುಕೂಲ, ಆದ್ರ ಅದು ಹಾಕಿದ ಚೌಕಟ್ಟು ಬಿಟ್ಟು ಹೊರಗ ಹೋಗ್ಲಿಕ್ಕೆ ಬಿಡೂದಿಲ್ಲ. ಗೂಗಲ್ಲಿನ ನೋಟ್‌ಬುಕ್‌ಎಲ್‌ಎಂ ಅನ್ನೋ ಟೂಲಿನ್ಯಾಗ 2025ರ ಕೊನೀಗೆ ಸ್ಲೈಡ್ ಡೆಕ್ ಮಾಡೋ ಸೌಲಭ್ಯ ಬಂತು. ನೀವು ಕೊಟ್ಟ ಪಿಡಿಎಫ್, ನೋಟ್ಸ್ ಓದಿ ಅದರಿಂದಾನೇ ಮಾಡ್ತದ, ಓದೋ ಹುಡುಗರಿಗೆ ಭಾಳ ಉಪಯೋಗ. ಒಂದೇ ತೊಡಕು, ಸ್ಲೈಡ್ ಪೂರ್ತಿ ಒಂದು ಚಿತ್ರ ಆಗಿ ಬರ್ತದ, ಅಕ್ಷರದ ಮ್ಯಾಲೆ ಕ್ಲಿಕ್ ಮಾಡಿ ತಿದ್ದತೀನಿ ಅಂದ್ರ ಆಗೂದಿಲ್ಲ.

ಈಗ ಕನ್ನಡದ ಮಾತು, ಇಲ್ಲೇ ಎಲ್ಲಾರೂ ಎಡವೋದು. ಪುಣೆದಾಗ ನಮ್ಮ ಕಾರ್ಯಕ್ರಮ ಅಂದ್ರ ಕನ್ನಡ ಬೇಕು, ಬಂದ ಅತಿಥಿಗಳ ಸಲುವಾಗಿ ಮರಾಠಿ ಬೇಕು, ಹುಡುಗರಿಗೆ ಇಂಗ್ಲಿಷ್ ಬೇಕು, ಮೂರೂ ಲಿಪಿ ಒಂದೇ ಸ್ಲೈಡಿನ್ಯಾಗ ಕೂಡಬೇಕು. ಅದಕ್ಕ ಟೂಲ್ ನೋಡೋ ಮುಂದ ರಾಷ್ಟ್ರೀಯ, ಸ್ವಾತಂತ್ರ್ಯ, ಸಂಸ್ಕೃತಿ, ವಾರ್ಷಿಕ ಇಂಥಾ ಒತ್ತಕ್ಷರ, ಅರ್ಕಾವತ್ತು ಇರೋ ಪದ ಹಾಕಿ ನೋಡ್ರಿ. ಒತ್ತು ಬಿಡಿಬಿಡಿ ಆಗ್ತದನೋ, ದೊಡ್ಡ ಅಕ್ಷರ ಮಾಡಿದಾಗ ಕೆಳಗಿನ ಒತ್ತು ಮುಂದಿನ ಸಾಲಿಗೆ ಬಡೀತದನೋ, ಅಲ್ಲೇ ಗೊತ್ತಾಗ್ತದ. ಎಐ ಬರೆದ ಚಿತ್ರದೊಳಗಿನ ಕನ್ನಡ ಅಕ್ಷರ ಮಾತ್ರ ನಂಬಬ್ಯಾಡ್ರಿ, ದೂರದಿಂದ ಕನ್ನಡ ಅನಿಸ್ತದ, ಹತ್ತರ ಹೋದ್ರ ಎಷ್ಟೋ ಸಲ ಓದ್ಲಿಕ್ಕೆ ಬರೂದಿಲ್ಲ. ಚಿತ್ರ ಖಾಲಿ ತಗೊಂಡು ಹೆಸರು ನೀವೇ ಟೈಪ್ ಮಾಡ್ರಿ. ಸಂಘದ ಹಳೇ ವರದಿ ನುಡಿ ಅನ್ನೋ ಹಳೇ ಫಾಂಟಿನ್ಯಾಗ ಇದ್ರ ಅದನ್ನ ಮೊದಲು ಯೂನಿಕೋಡಿಗೆ, ಅಂದ್ರ ಈಗ ಫೋನು, ವೆಬ್‌ಸೈಟಿನ್ಯಾಗ ನಡಿಯೋ ಅಕ್ಷರ ಪದ್ಧತಿಗೆ, ಬದಲಿ ಮಾಡ್ರಿ, ಇಲ್ಲಂದ್ರ ಎಐಗೆ ಕಾಣೋದು ಬರೇ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಫಾಂಟ್ ನೋಟೋ ಸಾನ್ಸ್ ಇಟ್ಟುಬಿಡ್ರಿ, ಕನ್ನಡಕ್ಕೂ ಮರಾಠಿಯ ದೇವನಾಗರಿ ಲಿಪಿಗೂ ಅದರಾಗ ಬ್ಯಾರೆ ಬ್ಯಾರೆ ಫಾಂಟ್ ಸಿಗ್ತಾವ, ಪಕ್ಕಪಕ್ಕ ಕೂತಾಗ ಹೊಂದತಾವ.

ಇನ್ನ ಟೆಸ್ಟ್ ಮಾಡೋ ರೀತಿ. ನಿಮ್ಮದೇ ಹಳೇ ಮ್ಯಾಟರ್ ಒಂದು ತಗೋರಿ, ಅದರಾಗ ಒಂದು ಟೇಬಲ್, ಒಂದು ಗ್ರಾಫ್ ಇರ್ಲಿ, ಅದೇ ಮ್ಯಾಟರ್ ಎರಡು ಟೂಲಿಗೆ ಕೊಡ್ರಿ. ಬಂದದ್ದನ್ನ ಬ್ರೌಸರಿನ್ಯಾಗ ನೋಡಿ ಖುಷಿ ಪಡೂಕಿಂತ ಮೊದಲು ಪಿಪಿಟಿಎಕ್ಸ್, ಅಂದ್ರ ಪವರ್‌ಪಾಯಿಂಟ್ ಫೈಲು, ಡೌನ್‌ಲೋಡ್ ಮಾಡಿ, ಬ್ಯಾರೆ ಯಾರದರೇ ಲ್ಯಾಪ್‌ಟಾಪಿನ್ಯಾಗ ತೆಗೀರಿ. ಗ್ರಾಫಿನ ಮ್ಯಾಲೆ ಕ್ಲಿಕ್ ಮಾಡ್ರಿ, ಒಳಗಿನ ಅಂಕಿ ಬದಲಿ ಮಾಡ್ಲಿಕ್ಕೆ ಬಂದ್ರ ಅದು ಗ್ರಾಫ್, ಬರಲಿಲ್ಲಂದ್ರ ಬರೇ ಫೋಟೋ, ನಾಳೆ ಒಂದು ಅಂಕಿ ತಪ್ಪಿದ್ರ ಮತ್ತ ಮೊದಲಿಂದ ಮಾಡಬೇಕಾಗ್ತದ. ಮತ್ತ ನೀವು ಕೊಡದೇ ಇರೋ ಅಂಕಿ, ಇಸವಿ, ಪರ್ಸೆಂಟ್ ಏನಾದ್ರೂ ಕಂಡ್ರ ಅದರ ಮೂಲ ಹುಡುಕ್ರಿ, ಸಿಗಲಿಲ್ಲಂದ್ರ ತೆಗೆದುಹಾಕ್ರಿ. ಖಾಲಿ ಜಾಗ ತುಂಬ್ಲಿಕ್ಕೆ ಎಐ ತನ್ನ ಕಡೆಯಿಂದ ಸೇರಿಸ್ತದ, ಸಭಾದಾಗ ನಿಂತು ಉತ್ತರ ಕೊಡೋರು ನೀವು.

ರೊಕ್ಕದ ವಿಷಯ ಸಣ್ಣದಾಗಿ ಹೇಳ್ತೀನಿ. ಫ್ರೀ ಪ್ಲಾನಿನ್ಯಾಗ ಕ್ರೆಡಿಟ್ (ಎಐ ಎಷ್ಟು ಸಲ ಬಳಸಬಹುದು ಅನ್ನೋ ಲೆಕ್ಕ) ಎಷ್ಟು, ಸ್ಲೈಡ್ ಮ್ಯಾಲೆ ಅವರ ಲೋಗೋ ಬರ್ತದನೋ, ಡೌನ್‌ಲೋಡ್ ಬಿಡ್ತಾರೋ, ಇಷ್ಟು ನೋಡಿದ ಮ್ಯಾಲೆ ಬೇಕಾದ್ರ ಒಂದು ತಿಂಗಳದ್ದು ತಗೋರಿ, ಆಟೋ ರಿನ್ಯೂ ಅವತ್ತೇ ಬಂದ್ ಮಾಡ್ರಿ. ಡಿಸ್ಕೌಂಟ್ ಅಂತ ವರ್ಷದ್ದು ಕಟ್ಟಬ್ಯಾಡ್ರಿ. ಟೋಮ್ ಅಂತ ಒಂದಿತ್ತು, ಭಾಳ ಹೆಸರು ಮಾಡಿತ್ತು, 2025ರಾಗ ಸ್ಲೈಡ್ ಮಾಡೋ ಕೆಲಸಾನೇ ನಿಲ್ಲಿಸಿಬಿಡ್ತು. ಹಂಗಾಗಿ ಯಾವ ಟೂಲ್ ಇದ್ರೂ ಮುಗಿದ ಡೆಕ್ಕಿನ ಪಿಪಿಟಿಎಕ್ಸ್ ಒಂದು, ಪಿಡಿಎಫ್ ಒಂದು ನಿಮ್ಮ ಹತ್ರ ಇಟ್ಕೋರಿ. ಸಭಾಂಗಣದ ಕಂಪ್ಯೂಟರಿನ್ಯಾಗ ನಿಮ್ಮ ಕನ್ನಡ ಫಾಂಟ್ ಇಲ್ಲದೇ ಹೋದ್ರೂ ಪಿಡಿಎಫಿನ್ಯಾಗ ಅಕ್ಷರ ಇದ್ದಂಗ ಇರ್ತಾವ.