ಎರಡು ದಿನದಲ್ಲಿ ವೆನಿಸ್: ಮಲೆನಾಡಿನಿಂದ ಹೊರಟವರಿಗೆ ದಾರಿಬುತ್ತಿ

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋದಾಗಲೆಲ್ಲ ನನಗೆ ಪಿಯೆತ್ರೊ ದೆಲ್ಲಾ ವಾಲ್ಲೆ ನೆನಪಾಗುತ್ತಾನೆ. ರೋಮ್ ನಗರದ ಈ ಪ್ರವಾಸಿ 1623ರಲ್ಲಿ ಹೊನ್ನಾವರ, ಗೇರುಸೊಪ್ಪೆಯ ದಾರಿಯಾಗಿ ಘಟ್ಟ ಹತ್ತಿ ಬಂದು, ವೆಂಕಟಪ್ಪ ನಾಯಕನ ಆಳ್ವಿಕೆಯ ಇಕ್ಕೇರಿಯನ್ನು ನೋಡಿ, ಕಂಡದ್ದನ್ನು ಪತ್ರಗಳಲ್ಲಿ ಬರೆದಿಟ್ಟ. ಪೂರ್ವ ದೇಶಗಳತ್ತ ಅವನು ಹಡಗು ಹತ್ತಿದ್ದು 1614ರಲ್ಲಿ, ವೆನಿಸ್‌ನಿಂದ. ಇಕ್ಕೇರಿ ಮುಟ್ಟಲು ಅವನಿಗೆ ಒಂಬತ್ತು ವರ್ಷ ಹಿಡಿಯಿತು. ಈಗ ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡುವುದಕ್ಕೋ ಜರ್ಮನಿಗೆ ಹೋಗುವ ಸಾಗರ, ತೀರ್ಥಹಳ್ಳಿ, ಶಿವಮೊಗ್ಗದ ಎಷ್ಟೋ ಮಂದಿ, ಮಕ್ಕಳಿಗೆ ಎರಡು ದಿನ ರಜೆ ಸಿಕ್ಕರೆ ಅವನು ಹೊರಟ ಊರನ್ನೇ ನೋಡಿ ಬರುತ್ತಾರೆ.

ಆದರೆ ಬಹಳ ಜನ ಅದನ್ನು ನೋಡುವ ರೀತಿ ನನಗೆ ಸಂಕಟ ಕೊಡುತ್ತದೆ. ಬೆಳಿಗ್ಗೆ ಹತ್ತಕ್ಕೆ ಇಳಿದು, ಜನಜಂಗುಳಿಯಲ್ಲಿ ಸ್ಯಾನ್ ಮಾರ್ಕೊ ಚೌಕದವರೆಗೆ ತಳ್ಳಾಡಿಕೊಂಡು ಹೋಗಿ, ನಾಲ್ಕು ಫೋಟೊ ತೆಗೆದು, ಸಂಜೆಯ ರೈಲು ಹಿಡಿದು, "ಗಲೀಜು ನೀರು, ವಿಪರೀತ ಜನ" ಎನ್ನುತ್ತ ಮರಳುತ್ತಾರೆ. ನಾನೂ ಮೊದಲ ಸಲ ಹೀಗೆಯೇ ನೋಡಿ ಬಂದವನು. ಎರಡನೆಯ ಸಲ ಹೋದಾಗ ಕಂಡದ್ದು ಬೇರೆಯೇ ಊರು. ಆ ಊರು ನಿಮಗೂ ಕಾಣಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು: ರಾತ್ರಿ ಎಲ್ಲಿ ಉಳಿಯುತ್ತೀರಿ?

ಮಿಕ್ಕದ್ದೆಲ್ಲ ಇದರ ಮೇಲೆ ನಿಂತಿದೆ. ಬಾಡಿಗೆ ಕಡಿಮೆ ಎಂದು ಹೆಚ್ಚಿನವರು ನೀರಿನಾಚೆಯ ದಡದ ಊರು ಮೆಸ್ತ್ರೆಯಲ್ಲಿ ಕೋಣೆ ಹಿಡಿಯುತ್ತಾರೆ. ಅಲ್ಲಿಂದ ರೈಲಿನಲ್ಲಿ ಹತ್ತೇ ನಿಮಿಷ, ನಿಜ. ಆದರೆ ವೆನಿಸ್ ವೆನಿಸ್ ಆಗಿರುವುದು ಬೆಳಿಗ್ಗೆ ಎಂಟರ ಮೊದಲು ಮತ್ತು ರಾತ್ರಿ ಎಂಟರ ನಂತರ. ದ್ವೀಪದ ಹಳೆಯ ಊರಿನಲ್ಲಿ ಈಗ ವಾಸವಿರುವವರು 50 ಸಾವಿರಕ್ಕೂ ಕಡಿಮೆ, ನಮ್ಮ ಸಾಗರ ಪೇಟೆಗಿಂತಲೂ ಸಣ್ಣ ಸಂಖ್ಯೆ. ಹಗಲಿನ ಪ್ರವಾಸಿಗರು ಹೋದ ಮೇಲೆ ನೀರು ಗೋಡೆಗೆ ತಾಗುವ ಸದ್ದು, ಯಾರದೋ ಅಡುಗೆಮನೆಯ ಪಾತ್ರೆ ಸದ್ದು, ದೂರದ ಗಂಟೆ ಇಷ್ಟೇ ಉಳಿಯುತ್ತವೆ. ವಾಹನ ಒಂದೂ ಇಲ್ಲ. ಆದ್ದರಿಂದ ಒಂದೇ ರಾತ್ರಿಯಾದರೂ ಸರಿ, ದ್ವೀಪದೊಳಗೆ ಉಳಿಯಿರಿ. ಕಾನಾರೆಜ್ಜೊ ಮತ್ತು ಕ್ಯಾಸ್ಟೆಲ್ಲೊ ಕೇರಿಗಳಲ್ಲಿ ಗದ್ದಲ ಕಡಿಮೆ. ಕಾನಾರೆಜ್ಜೊ ರೈಲು ನಿಲ್ದಾಣಕ್ಕೂ ಹತ್ತಿರ.

ಇನ್ನೊಂದು ಲೆಕ್ಕವೂ ಇದೆ. 2024ರಿಂದ ಹಗಲಷ್ಟೇ ಬಂದು ಹೋಗುವವರು ಏಪ್ರಿಲ್‌ನಿಂದ ಜುಲೈವರೆಗಿನ ಕೆಲವು ನಿಗದಿತ ದಿನಗಳಲ್ಲಿ ಪ್ರವೇಶ ಶುಲ್ಕ ಕೊಡಬೇಕಾಗಿದೆ. ಮೊದಲ ವರ್ಷ ಅದು 5 ಯೂರೊ ಇತ್ತು. ಮರುವರ್ಷ ತಡವಾಗಿ ಬುಕ್ ಮಾಡಿದವರಿಗೆ 10 ಯೂರೊ ಆಯಿತು. ರಾತ್ರಿ ಉಳಿಯುವವರಿಗೆ ಈ ಶುಲ್ಕವಿಲ್ಲ, ಏಕೆಂದರೆ ಅವರು ಕೋಣೆ ಬಾಡಿಗೆಯ ಜೊತೆ ಬೇರೆ ತೆರಿಗೆ ಕೊಡುತ್ತಾರೆ. ಆದರೂ ವಿನಾಯಿತಿಯ ಚೀಟಿಯನ್ನು ಮುಂಚಿತವಾಗಿ ಪಡೆದು ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ.

ಯಾವಾಗ, ಹೇಗೆ?

ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆ ಹಿತ. ಜುಲೈ, ಆಗಸ್ಟ್ ತಿಂಗಳ ಸೆಕೆಯಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಅಕ್ಟೋಬರ್‌ನಿಂದ ಜನವರಿಯವರೆಗೆ ಸಮುದ್ರದ ಉಬ್ಬರ ಊರಿಗೆ ನುಗ್ಗುವ ಕಾಲ; ಅಲ್ಲಿಯವರು ಇದನ್ನು ಅಕ್ವಾ ಆಲ್ತಾ, ಎತ್ತರದ ನೀರು, ಎನ್ನುತ್ತಾರೆ. 1966ರ ನವೆಂಬರ್ 4ರಂದು ನೀರು, ಬೀದಿಯಿಂದಲ್ಲ, ಸಮುದ್ರಮಟ್ಟದ ಅಳತೆಗುರುತಿನಿಂದ 194 ಸೆಂಟಿಮೀಟರ್ ಮಟ್ಟಕ್ಕೆ ಏರಿತ್ತು, 2019ರಲ್ಲಿ 187ಕ್ಕೆ. 2020ರ ಅಕ್ಟೋಬರ್‌ನಿಂದ ಸಮುದ್ರದ ಬಾಯಲ್ಲಿ ಎದ್ದು ನಿಲ್ಲುವ ಕಬ್ಬಿಣದ ಗೇಟುಗಳು ದೊಡ್ಡ ಉಬ್ಬರವನ್ನು ತಡೆಯುತ್ತಿವೆ. ಆಗುಂಬೆಯ ಮಳೆ ಕಂಡ ನಮಗೆ ಮೊಣಕಾಲುದ್ದದ ನೀರು ಹೆದರಿಕೆ ಹುಟ್ಟಿಸಲಾರದು, ಆದರೆ ಅದು ಉಪ್ಪುನೀರು. ಒಳ್ಳೆಯ ಚಪ್ಪಲಿ ಹಾಳಾಗುತ್ತದೆ.

ಮ್ಯೂನಿಕ್‌ನಿಂದ ನೇರ ರೈಲಿದೆ, ಆಲ್ಪ್ಸ್ ಪರ್ವತದ ಬ್ರೆನ್ನರ್ ಕಣಿವೆಯ ಮೂಲಕ ಸುಮಾರು ಏಳು ಗಂಟೆಯ ದಾರಿ. ಜರ್ಮನಿಗೆಂದು ಪಡೆದ ಷೆಂಗನ್ ವೀಸಾ ಇಟಲಿಯಲ್ಲೂ ಸಲ್ಲುತ್ತದೆ. ಪಾಸ್‌ಪೋರ್ಟ್ ಮಾತ್ರ ಮನೆಯಲ್ಲಿ ಬಿಟ್ಟು ಹೊರಡಬೇಡಿ. ರೈಲಿನಲ್ಲಿ ಮೆಸ್ತ್ರೆಯಲ್ಲಿ ಇಳಿಯದೆ ಕೊನೆಯ ನಿಲ್ದಾಣ ಸಾಂತಾ ಲೂಚಿಯಾದವರೆಗೆ ಕುಳಿತಿರಿ. ನಿಲ್ದಾಣದ ಬಾಗಿಲು ದಾಟಿದರೆ ಮೆಟ್ಟಿಲು, ಮೆಟ್ಟಿಲ ಕೆಳಗೆ ದೊಡ್ಡ ಕಾಲುವೆ. ಆಟೊ ನಿಲ್ಲುವ ಜಾಗದಲ್ಲಿ ದೋಣಿಗಳು ನಿಂತಿರುತ್ತವೆ.

ಸಾಮಾನು ಒಂದೇ ಬೆನ್ನುಚೀಲ ಇರಲಿ. ಈ ಊರಿನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವು ನಮ್ಮ ಹಳ್ಳದ ಕಾಲುಸಂಕದಷ್ಟೇ ಅಗಲ, ಎರಡೂ ಕಡೆ ಮೆಟ್ಟಿಲು. ಚಕ್ರದ ಸೂಟ್‌ಕೇಸನ್ನು ಪ್ರತಿ ಸೇತುವೆಯಲ್ಲೂ ಎತ್ತಿ ಇಳಿಸಬೇಕು.

ಓಡಾಟ: ಲಾಂಚ್ ಮತ್ತು ಕಾಲು

ವಪೊರೆಟ್ಟೊ ಎಂದರೆ ಅಲ್ಲಿಯ ಸಿಟಿ ಬಸ್. ಸಿಗಂದೂರಿಗೆ ಹೋಗಲು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದವರಿಗೆ ಅದು ಹೊಸದೆನಿಸುವುದಿಲ್ಲ. ಒಂದು ಟಿಕೆಟ್‌ಗೆ 9.50 ಯೂರೊ, 75 ನಿಮಿಷ ಬಾಳುತ್ತದೆ. 24 ಗಂಟೆಯದಕ್ಕೆ 25, 48 ಗಂಟೆಯದಕ್ಕೆ 35 ಯೂರೊ. ದರ ಆಗಾಗ ಏರುತ್ತದೆ, ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ. ಮಂಡಿನೋವಿನವರು ಜೊತೆಗಿದ್ದರೆ 48 ಗಂಟೆಯ ಟಿಕೆಟ್ಟನ್ನೇ ಕೊಳ್ಳಿ. ಹತ್ತುವ ಮೊದಲು ಪ್ರತಿಸಲ ಯಂತ್ರಕ್ಕೆ ತೋರಿಸಬೇಕು, ಇಲ್ಲವಾದರೆ ಕೈಯಲ್ಲಿ ಟಿಕೆಟ್ ಇದ್ದರೂ ದಂಡ ಬೀಳಬಹುದು.

ಒಂದನೇ ನಂಬರಿನ ದೋಣಿ ದೊಡ್ಡ ಕಾಲುವೆಯ ಪ್ರತಿ ಧಕ್ಕೆಯಲ್ಲೂ ನಿಂತು ಸಾಗುತ್ತದೆ. ಕಾಲುವೆಯ ಉದ್ದ ಸುಮಾರು 3.8 ಕಿಲೋಮೀಟರ್, ಮುಕ್ಕಾಲು ಗಂಟೆಯ ಪ್ರಯಾಣ. ಹಗಲು ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ಅದರಲ್ಲಿ ಹೋಗಿ. ಹುಟ್ಟು ಹಾಕಿ ನಡೆಸುವ ಉದ್ದನೆಯ ದೋಣಿ ಗೊಂಡೊಲಾ ಬೇಕೇ ಬೇಕೆಂದರೆ ನಗರಸಭೆ ನಿಗದಿ ಮಾಡಿದ ದರ ಹಗಲು ಅರ್ಧ ಗಂಟೆಗೆ ಇಡೀ ದೋಣಿಗೆ 90 ಯೂರೊ, ತಲೆಗೆ ಅಲ್ಲ. ಅಷ್ಟು ಬೇಡವೆನ್ನುವವರಿಗೆ ಟ್ರಾಗೆಟ್ಟೊ ಇದೆ: ಕಾಲುವೆಯನ್ನು ಅಡ್ಡ ದಾಟಿಸುವ ಕಡವಿನ ದೋಣಿ. ಅದೂ ಗೊಂಡೊಲಾ ಜಾತಿಯದೇ, ಕೊಡಬೇಕಾದದ್ದು ಎರಡು ಯೂರೊ.

ವಿಳಾಸದ ವಿಷಯದಲ್ಲಿ ಎಚ್ಚರ ಬೇಕು. ಮನೆ ನಂಬರು ಬೀದಿಗೆ ಸೇರಿದ್ದಲ್ಲ, ಇಡೀ ಕೇರಿಗೆ ಸೇರಿದ್ದು. ಊರಿನಲ್ಲಿ ಇಂಥ ಆರು ಕೇರಿಗಳಿವೆ, ನಂಬರು ಸಾವಿರಗಟ್ಟಲೆ ಓಡುತ್ತದೆ. ಓಣಿಗಳ ಇಕ್ಕಟ್ಟಿನಲ್ಲಿ ಮೊಬೈಲ್ ನಕ್ಷೆಯೂ ತಡವರಿಸುತ್ತದೆ. ಕೋಣೆಯ ಯಜಮಾನರನ್ನು ಹತ್ತಿರದ ಧಕ್ಕೆ ಯಾವುದು, ಸೇತುವೆ ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ದಾರಿ ತಪ್ಪಿದರೆ ಗೋಡೆಗಳ ಮೇಲಿನ ಹಳದಿ ಫಲಕಗಳು ರಿಯಾಲ್ಟೊ ಸೇತುವೆ, ಸ್ಯಾನ್ ಮಾರ್ಕೊ ಚೌಕ, ರೈಲು ನಿಲ್ದಾಣದ ಕಡೆ ಬೆರಳು ತೋರುತ್ತವೆ.

ಏನು ನೋಡಬೇಕು?

ಬೆಳಿಗ್ಗೆ ಏಳಕ್ಕೆ ಸ್ಯಾನ್ ಮಾರ್ಕೊ ಚೌಕದಲ್ಲಿ ಇರಿ. ಖಾಲಿ ಚೌಕವನ್ನು ನೋಡುವ ಭಾಗ್ಯಕ್ಕಾಗಿ ನಿದ್ದೆ ಬಿಡಬಹುದು. ಅಲ್ಲಿನ ಗಂಟೆಗೋಪುರ 1902ರಲ್ಲಿ ಕುಸಿದು, 1912ರಲ್ಲಿ ಹಿಂದಿನಂತೆಯೇ ಮತ್ತೆ ಎದ್ದದ್ದು. ಚೌಕದ ಸ್ಯಾನ್ ಮಾರ್ಕೊ ಚರ್ಚಿನ ಒಳಗೆ ಹೋಗಲು ಭುಜ, ಮೊಣಕಾಲು ಮುಚ್ಚಿರಬೇಕು. ಸೀರೆ, ಪಂಚೆಯವರಿಗೆ ಆ ಚಿಂತೆಯಿಲ್ಲ. ಮೇಲಿನಿಂದ ಊರು ನೋಡುವ ಆಸೆಯಿದ್ದರೆ ಎದುರಿನ ದ್ವೀಪದ ಸ್ಯಾನ್ ಜಾರ್ಜೊ ಗೋಪುರಕ್ಕೆ ಹೋಗಿ. ಲಿಫ್ಟ್ ಇದೆ, ಸಾಲು ಸಣ್ಣದು.

ನಾನು ನಿಮ್ಮಿಂದ ಮುಖ್ಯವಾಗಿ ನೋಡಿಸಬೇಕೆಂದಿರುವುದು ಎರಡು ಸಂಗತಿ. ಎರಡಕ್ಕೂ ಟಿಕೆಟ್ ಇಲ್ಲ.

ಒಂದು, ಮರ. ಈ ಊರು ನಿಂತಿರುವುದು ಕೆಸರಿನಲ್ಲಿ ಒತ್ತೊತ್ತಾಗಿ ಹೊಡೆದ ಮರದ ಗೂಟಗಳ ಮೇಲೆ. ಪ್ಲೇಗ್ ಕಳೆದ ಹರಕೆಗೆ 1631ರಲ್ಲಿ ಶುರು ಮಾಡಿದ ಸಾಂತಾ ಮರಿಯಾ ದೆಲ್ಲಾ ಸಾಲೂತೆ ಚರ್ಚಿನ ಬುಡದಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಗೂಟಗಳಿವೆ ಎಂದು ಲೆಕ್ಕ ಹೇಳುತ್ತಾರೆ. ಅವು ಇಷ್ಟು ಶತಮಾನ ಹೇಗೆ ಉಳಿದವು? ಗಾಳಿ ಸೋಕದ ಕೆಸರಿನಲ್ಲಿ ಮರವನ್ನು ತಿನ್ನುವ ಶಿಲೀಂಧ್ರಕ್ಕೆ ಉಸಿರಿಲ್ಲ. ನೆನೆದು ಒಣಗಿ, ಮತ್ತೆ ನೆನೆಯುವ ಬೇಲಿಗೂಟ ಮಣ್ಣಿನ ಮಟ್ಟದಲ್ಲಿ ಮೊದಲು ಕುಂಬಾಗುವುದನ್ನೂ, ಶರಾವತಿ ಹಿನ್ನೀರು ಇಳಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನಿಂತಿರುವುದನ್ನೂ ಕಂಡ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ.

ಎರಡು, ಮಳೆಬಾವಿ. ಸುತ್ತ ಉಪ್ಪುನೀರು, ಕುಡಿಯಲು ಹನಿಯಿಲ್ಲ. ಆದ್ದರಿಂದ ಪ್ರತಿ ಅಂಗಳದ ನೆಲದಡಿ ಹೊಂಡ ತೋಡಿ, ಒಳಮೈಗೆ ಜೇಡಿಮಣ್ಣು ಬಳಿದು, ಮರಳು ತುಂಬಿ, ನಡುವೆ ಇಟ್ಟಿಗೆಯ ಬಾವಿ ಕಟ್ಟಿದರು. ಅಂಗಳಕ್ಕೆ ಬಿದ್ದ ಮಳೆ ತೂತಿನ ಕಲ್ಲುಗಳಲ್ಲಿ ಇಳಿದು, ಮರಳಿನಲ್ಲಿ ಸೋಸಿ ಬಾವಿಗೆ ಬರುತ್ತಿತ್ತು. 1884ರಲ್ಲಿ ದಡದಿಂದ ಕೊಳವೆ ನೀರು ಬರುವವರೆಗೂ ಊರು ಬದುಕಿದ್ದು ಇದರಿಂದ. ಕೆತ್ತನೆಯ ಬಾವಿಕಟ್ಟೆಗಳು ಈಗಲೂ ಎಲ್ಲೆಲ್ಲೂ ಇವೆ. ಜೇಡಿಮಣ್ಣು, ಮರಳು, ಮಳೆ: ಈ ಮೂರೂ ನಮ್ಮಲ್ಲಿ ಬೇಕಾದಷ್ಟಿವೆ. ಆದರೂ ಮಾರ್ಚ್ ಬಂದರೆ ಮಲೆನಾಡಿನ ಊರುಗಳಿಗೆ ಟ್ಯಾಂಕರ್ ಬರುವುದನ್ನು ನೆನೆದು ಆ ಕಟ್ಟೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ಎರಡನೇ ದಿನ ದ್ವೀಪಗಳಿಗೆ ಹೋಗುವುದಾದರೆ ಒಂದನ್ನು ಆರಿಸಿಕೊಳ್ಳಿ. 1291ರಲ್ಲಿ ಬೆಂಕಿಯ ಭಯಕ್ಕೆ ಗಾಜಿನ ಕುಲುಮೆಗಳನ್ನು ಸಾಗಿಸಿದ ಮುರಾನೊ ಹತ್ತಿರ. ಬಣ್ಣದ ಮನೆಗಳ ಬುರಾನೊಗೆ ದೋಣಿಯಲ್ಲಿ ಮುಕ್ಕಾಲು ಗಂಟೆ. ಎರಡನ್ನೂ ಒಂದೇ ದಿನ ತುರುಕಿದರೆ ದೋಣಿಯ ಸಾಲಿನಲ್ಲೇ ಹೊತ್ತು ಮುಳುಗುತ್ತದೆ.

ಊಟ

ಮೀನು ತಿನ್ನುವವರಿಗೆ ಹಬ್ಬ. ಈರುಳ್ಳಿ, ಒಣದ್ರಾಕ್ಷಿ ಸೇರಿಸಿ ಹುಳಿಸಿಹಿಯಾಗಿ ಮಾಡುವ ಬೂತಾಯಿ ನಮ್ಮ ನಾಲಿಗೆಗೆ ಒಗ್ಗುತ್ತದೆ. ಸಸ್ಯಾಹಾರಿಗಳು "ಸೆನ್ಸಾ ಕಾರ್ನೆ, ಸೆನ್ಸಾ ಪೆಷೆ" ಎನ್ನಿ: ಮಾಂಸ ಬೇಡ, ಮೀನು ಬೇಡ. ಅನ್ನದ ರಿಸೊಟ್ಟೊ, ಹುರುಳಿ ಸಾರಿನಂಥ ಪಾಸ್ತಾ ನೋಡಲು ಸಸ್ಯಾಹಾರದಂತಿದ್ದರೂ ಮಾಂಸದ ರಸ ಸೇರಿರಬಹುದು, ಕೇಳಿಯೇ ತಿನ್ನಿ. ಕಾಫಿಯನ್ನು ಅಂಗಡಿಯ ಕೌಂಟರ್ ಬಳಿ ನಿಂತು ಕುಡಿದರೆ ಅಗ್ಗ, ಕುಳಿತರೆ ದುಬಾರಿ. ನೀರಿನ ಬಾಟಲಿ ಕೊಳ್ಳಬೇಡಿ, ಅಂಗಳಗಳ ನಲ್ಲಿಯ ನೀರು ಕುಡಿಯಲು ಯೋಗ್ಯ. ಸ್ಯಾನ್ ಮಾರ್ಕೊ ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚಿದರೆ, ಪಾರಿವಾಳಕ್ಕೆ ಕಾಳು ಹಾಕಿದರೆ ದಂಡವಿದೆ.

ಹೊರಡುವ ಬೆಳಿಗ್ಗೆ ರಿಯಾಲ್ಟೊ ಸೇತುವೆಯ ಬಳಿಯ ತರಕಾರಿ ಸಂತೆಗೆ ಹೋಗಿ. 1591ರ ಈ ಕಲ್ಲುಸೇತುವೆಯ ಸುತ್ತಲೇ ಒಂದು ಕಾಲದಲ್ಲಿ ಯುರೋಪಿನ ಕಾಳುಮೆಣಸಿನ ಬೆಲೆ ಏರಿಳಿಯುತ್ತಿತ್ತು. ನಮ್ಮ ಕರಾವಳಿಯ ಬಂದರುಗಳಿಂದ ಅರಬರ ಹಡಗಿನಲ್ಲಿ ಹೋದ ಮೆಣಸನ್ನು ವೆನಿಸ್‌ನ ವರ್ತಕರು ಅಲೆಕ್ಸಾಂಡ್ರಿಯಾದಲ್ಲಿ ಕೊಂಡು ಇಲ್ಲಿಗೆ ತರುತ್ತಿದ್ದರು. ಸಂತೆಯಲ್ಲಿ ದಾರಿಗೆ ಒಂದಿಷ್ಟು ಹಣ್ಣು ಕೊಂಡು, ರಿಯಾಲ್ಟೊ ಧಕ್ಕೆಯಿಂದ ಒಂದನೇ ನಂಬರಿನ ದೋಣಿ ಹತ್ತಿ. ರೈಲಿಗೆ ಒಂದು ಗಂಟೆ ಇರುವಾಗಲೇ ಹೊರಡಿ. ಮೊದಲ ದೋಣಿ ತುಂಬಿ ಹೋದರೂ ಮುಂದಿನದು ಸಿಗುತ್ತದೆ.