ಸಕ್ಕರೆ, ಮೈದಾ ಇಲ್ಲದ ಪೆಕಾನ್ ಪೈ: ನಮ್ಮ ದಾವಣಗೆರೆ ಅಡುಗೆಮನೆಯಲ್ಲಿ

ನಮ್ಮ ಮಾವನವರಿಗೆ ಶುಗರ್ ಇದೆ, ಸಿಹಿಯೆಂದರೆ ಪ್ರಾಣ. ಅವರಿಗಾಗಿ ಡಾಕ್ಟರನ್ನು ಕೇಳಿಯೇ ಈ ಪೈ ಮಾಡಲು ಶುರು ಮಾಡಿದೆ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮಾಡುವ ಪೆಕಾನ್ ಪೈಗೆ (ಹಿಟ್ಟಿನ ತಳದ ಮೇಲೆ ಪೆಕಾನ್ ಬೀಜದ ಹೂರಣ ತುಂಬಿ ಬೇಯಿಸುವ ಸಿಹಿ) ಸಕ್ಕರೆಯ ಜೊತೆ ಮೆಕ್ಕೆಜೋಳದ ಸಿಹಿ ಪಾಕವಾದ ಕಾರ್ನ್ ಸಿರಪ್ಪನ್ನೂ ಸುರಿಯುತ್ತಾರೆ. ಬದಲಿಗೆ ಬೆಲ್ಲ ಹಾಕಿದರಾಯ್ತು ಅಂತ ತುಂಬಾ ಜನ ಹೇಳುತ್ತಾರೆ. ಬೆಲ್ಲವೂ ಬಹುಪಾಲು ಸಕ್ಕರೆಯೇ ಅಲ್ವಾ? ಖಂಡಿತ ಬೇಡ.

ಪೆಕಾನ್ ನಮ್ಮೂರಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದರ ಬಳಗದ್ದೇ ಆದ ಅಕ್ರೋಟ್ 100 ಗ್ರಾಂ, ಹುರಿದು ಸಿಪ್ಪೆ ತೆಗೆದ ಚಳ್ಳಕೆರೆ ಕಡೆಯ ಶೇಂಗಾ 100 ಗ್ರಾಂ ಹಾಕುತ್ತೇನೆ. ಗೋಡಂಬಿ ಹಾಕಬೇಡಿ. 100 ಗ್ರಾಂ ಗೋಡಂಬಿಯಲ್ಲಿ ಸುಮಾರು 30 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್) ಇದೆ. ಅಕ್ರೋಟ್‌ನಲ್ಲಿ 14 ಗ್ರಾಂ, ಅದರಲ್ಲೂ ಅರ್ಧದಷ್ಟು ನಾರು.

ತಳಕ್ಕೆ 200 ಗ್ರಾಂ ಬಾದಾಮಿ ಪುಡಿ, 60 ಗ್ರಾಂ ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು. ಇದನ್ನು ಲಟ್ಟಿಸಲು ಬರುವುದಿಲ್ಲ, ತಟ್ಟೆಗೆ ಬೆರಳಲ್ಲೇ ಒತ್ತಬೇಕು. ಓವನ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಹನ್ನೆರಡು ನಿಮಿಷ ಬೇಯಿಸಿ.

ನಿಜವಾದ ಕೆಲಸ ಹೂರಣದ್ದು. ಸಿಹಿಗೆ ನಾನು ಬಳಸುವುದು ಎರಿಥ್ರಿಟಾಲ್, ಅಂದರೆ ರಕ್ತದ ಸಕ್ಕರೆಯನ್ನು ಹೆಚ್ಚುಕಡಿಮೆ ಏರಿಸದ, ಸಕ್ಕರೆಯಂಥ ಸಿಹಿ ಪುಡಿ. ಅದು ಸಕ್ಕರೆಯಂತೆ ಎಳೆ ಪಾಕಕ್ಕೆ ಬರುವುದಿಲ್ಲ, ಎಷ್ಟು ಕಾಯಿಸಿದರೂ ಕಂದು ಬಣ್ಣ, ಆ ಘಮ ಬರುವುದಿಲ್ಲ. ಘಮವನ್ನು ಬೆಣ್ಣೆಯಿಂದಲೇ ತರಬೇಕು. ಬೆಣ್ಣೆ ದೋಸೆಯ ಊರಲ್ಲಿ ಒಳ್ಳೆ ಬೆಣ್ಣೆಗೆ ಬರವಿಲ್ಲ! ಉಪ್ಪಿಲ್ಲದ ಬೆಣ್ಣೆ 100 ಗ್ರಾಂ ತಗೊಂಡು ಸಣ್ಣ ಉರಿಯಲ್ಲಿ ತುಪ್ಪಕ್ಕೆ ಕಾಯಿಸುವಂತೆ ಕಾಯಿಸಿ. ನೊರೆ ಇಳಿದು, ತಳದಲ್ಲಿ ಕೂತ ಪುಡಿ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಉರಿ ಆರಿಸಿ. ಸೋಸಬೇಡಿ, ರುಚಿಯೆಲ್ಲ ಆ ಪುಡಿಯಲ್ಲೇ ಇದೆ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಎರಿಥ್ರಿಟಾಲ್ 100 ಗ್ರಾಂ, ಕ್ರೀಮ್ 200 ಮಿಲಿ ಸೇರಿಸಿ, ಸೌಟಿಗೆ ಅಂಟುವಷ್ಟು ಗಟ್ಟಿಯಾಗುವ ತನಕ ಮತ್ತೆ ಕುದಿಸಿ. ಉಗುರು ಬೆಚ್ಚಗಾದ ಮೇಲೆ 2 ಮೊಟ್ಟೆ ಕದಡಿ ಹಾಕಿ. ಬಿಸಿಗೆ ಹಾಕಿದರೆ ಮೊಟ್ಟೆ ಒಡೆದು ಗಂಟಾಗುತ್ತದೆ. ಹೂರಣ ಗಟ್ಟಿಯಾಗಿ ಕೂರುವುದೇ ಮೊಟ್ಟೆಯಿಂದ, ಹಾಗಾಗಿ ಮೊಟ್ಟೆ ತಿನ್ನದ ಮನೆಗೆ ಈ ಅಳತೆ ಹೊಂದುವುದಿಲ್ಲ.

ಬೀಜ ಬೆರೆಸಿ, ತಳದ ಮೇಲೆ ಸುರಿದು, 170 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಬಾದಾಮಿ ಅಂಚು ಬೇಗ ಕಪ್ಪಾಗುತ್ತದೆ, ಫಾಯಿಲ್ ಸುತ್ತಿ. ನಡುಭಾಗ ಸ್ವಲ್ಪ ಅಲ್ಲಾಡುತ್ತಿರುವಾಗಲೇ ತೆಗೆದುಬಿಡಿ, ಆರುತ್ತಾ ಗಟ್ಟಿಯಾಗುತ್ತದೆ. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ. ಮಾವನವರಿಗೆ ಕೊಡುವುದು ತೆಳ್ಳನೆಯ ಒಂದು ತುಂಡು, ಊಟದ ಜೊತೆಗೇ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟರೆ ಎರಿಥ್ರಿಟಾಲ್ ಹರಳುಗಟ್ಟಿ ಹಲ್ಲಿಗೆ ಸಿಗುತ್ತದೆ. ತಿನ್ನುವ ಮುಂಚೆ ಸ್ವಲ್ಪ ಬಿಸಿ ಮಾಡಿಕೊಂಡರೆ ಮತ್ತೆ ಮೆತ್ತಗಾಗುತ್ತದೆ.