ತೆರಿಗೆ ನೋಟಿಸ್ ಬಂದಿದೆಯಾ? ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ

ನಮ್ಮ ಬೀದಿಯಲ್ಲಿ ಟೀ ಅಂಗಡಿ ಇಟ್ಟಿರುವ ಅಕ್ಕನಿಗೆ 2025ರಲ್ಲಿ ಜಿಎಸ್‌ಟಿ ನೋಟಿಸ್ ಬಂತು. ಆ ವರ್ಷ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋಗಿತ್ತಲ್ಲ, ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಅಂತ ಬಂದದ್ದು ಪೇಪರಿನಲ್ಲೆಲ್ಲ ಓದಿದೆವಲ್ಲ, ಅದೇ ಸಮಯ. ಅಕ್ಕ ಆ ಕಾಗದವನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿ ಸುಮ್ಮನಾಗಿಬಿಟ್ಟರು. ಯಾರಿಗೂ ತೋರಿಸಲಿಲ್ಲ. ಆಮೇಲೆ ಕೇಳಿದರೆ, "ವಕೀಲರ ಹತ್ರ ಹೋದ್ರೆ ಮೊದಲ ದಿನವೇ ಸಾವಿರಾರು ರೂಪಾಯಿ ಕೇಳ್ತಾರೆ, ಎಲ್ಲಿಂದ ತರ್ಲಿ" ಅಂದರು. ಉತ್ತರ ಕೊಡಲು ಇದ್ದ ದಿನಗಳಲ್ಲಿ ಮುಕ್ಕಾಲು ಪಾಲು ಅಷ್ಟರಲ್ಲಿ ಕಳೆದಿತ್ತು.

ಅಕ್ಕನಿಗೆ ಗೊತ್ತಿರದ ವಿಷಯವನ್ನೇ ಇಲ್ಲಿ ಬರೆಯುತ್ತಿದ್ದೇನೆ. ತೆರಿಗೆ ಜಗಳಕ್ಕೂ ಸರ್ಕಾರದ ಕಡೆಯಿಂದ ಉಚಿತ ವಕೀಲರು ಸಿಗುತ್ತಾರೆ. ಉಚಿತ ಕಾನೂನು ನೆರವು ಅಂದರೆ ಜೈಲಿನಲ್ಲಿರುವವರಿಗೆ, ಗಂಡ ಹೆಂಡತಿ ಕೇಸಿಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಕೋರ್ಟಿನ ಜೊತೆ ನ್ಯಾಯಮಂಡಳಿಗಳೂ ಬರುತ್ತವೆ, ವಿಚಾರಣೆ ಮಾಡಿ ತೀರ್ಪು ಕೊಡುವ ಅಧಿಕಾರ ಇರುವ ಅಧಿಕಾರಿಗಳೂ ಬರುತ್ತಾರೆ. ಬರೀ ಸಲಹೆ ಕೇಳುವುದಕ್ಕೂ ಅದರಲ್ಲಿ ಜಾಗ ಇದೆ. ಅಂದರೆ ಜಿಎಸ್‌ಟಿ ಅಧಿಕಾರಿ ಮುಂದೆ ಉತ್ತರ ಕೊಡುವುದಿರಲಿ, ಆದಾಯ ತೆರಿಗೆ ಮೇಲ್ಮನವಿ ಇರಲಿ, ನೆರವು ಕೇಳಬಹುದು.

ಯಾರಿಗೆ ಸಿಗುತ್ತದೆ? ಕರ್ನಾಟಕದಲ್ಲಿ ವರ್ಷದ ಆದಾಯ 3 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ ಸಿಗುತ್ತದೆ. ಸುಪ್ರೀಂ ಕೋರ್ಟ್ ತನಕ ಹೋದರೆ ಆ ಮಿತಿ 5 ಲಕ್ಷ. ಆದರೆ ಕೆಲವರಿಗೆ ಆದಾಯದ ಪ್ರಶ್ನೆಯೇ ಇಲ್ಲ: ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ನೆರೆ ಬರಗಳಲ್ಲಿ ಸಿಕ್ಕಿ ನೊಂದವರು. ಇದನ್ನು ಎರಡು ಸಲ ಓದಿ. ನೋಟಿಸ್ ಯಾರ ಹೆಸರಿಗೆ ಬಂದಿದೆ ಅನ್ನುವುದೇ ಇಲ್ಲಿ ಮುಖ್ಯ. ಎಷ್ಟೋ ಅಂಗಡಿಗಳಲ್ಲಿ ಗಲ್ಲಾ ಮೇಲೆ ಗಂಡ ಕೂತಿದ್ದರೂ ಬ್ಯಾಂಕ್ ಖಾತೆ, ಕ್ಯೂಆರ್ ಕೋಡ್ ಎಲ್ಲ ಹೆಂಡತಿ ಹೆಸರಲ್ಲಿರುತ್ತದೆ. ನೋಟಿಸ್ ಆಕೆಯ ಹೆಸರಿಗೆ ಬಂದಿದ್ದರೆ ಅರ್ಜಿ ಆಕೆಯೇ ಹಾಕಲಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಸುತ್ತಬೇಕಾಗಿಲ್ಲ. ನಮ್ಮ ಟೀ ಅಂಗಡಿ ಅಕ್ಕನ ಕೆಲಸ ಬೇಗ ಆದದ್ದು ಇದರಿಂದಲೇ.

ಗಂಡಸರು, ಆದಾಯದ ಲೆಕ್ಕದಲ್ಲಿ ಬರುವವರು, ಒಂದು ವಿಷಯದಲ್ಲಿ ಎಡವುತ್ತಾರೆ. ನೋಟಿಸಿನಲ್ಲಿ 45 ಲಕ್ಷ ವಹಿವಾಟು ಅಂತ ಬರೆದಿದೆ, ಹಾಗಾಗಿ ನನಗೆ ನೆರವು ಸಿಗಲ್ಲ ಅಂದುಕೊಂಡು ಹಿಂದೆ ಸರಿಯುತ್ತಾರೆ. ವಹಿವಾಟೇ ಬೇರೆ, ಆದಾಯವೇ ಬೇರೆ. ತರಕಾರಿ ಮಂಡಿಗೆ ಕೊಟ್ಟದ್ದು, ಹಾಲು, ಗ್ಯಾಸ್, ಬಾಡಿಗೆ, ಹುಡುಗನ ಕೂಲಿ ಎಲ್ಲ ಕಳೆದು ಕೈಯಲ್ಲಿ ಉಳಿದದ್ದು ನಿಮ್ಮ ಆದಾಯ. ಇದನ್ನು ಅಫಿಡವಿಟ್ಟಿನಲ್ಲಿ ಬಿಡಿಸಿ ಬರೆಯಿರಿ. ಕಾಯ್ದೆಯ ಪ್ರಕಾರ ಆದಾಯದ ಬಗ್ಗೆ ನೀವು ಕೊಡುವ ಅಫಿಡವಿಟ್ಟನ್ನೇ ಒಪ್ಪಬಹುದು, ಅನುಮಾನ ಬಂದರೆ ಮಾತ್ರ ಬೇರೆ ದಾಖಲೆ ಕೇಳುತ್ತಾರೆ. ಸುಳ್ಳು ಮಾತ್ರ ಬರೆಯಬೇಡಿ, ಗೊತ್ತಾದರೆ ಕೊಟ್ಟ ನೆರವನ್ನು ಅರ್ಧದಲ್ಲೇ ವಾಪಸ್ ತೆಗೆದುಕೊಳ್ಳುತ್ತಾರೆ.

ಹೋಗಬೇಕಾದ ಜಾಗ ಹತ್ತಿರದಲ್ಲೇ ಇದೆ. ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ, ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ವಿಷಯ ಹೈಕೋರ್ಟಿಗೆ ಹೋದರೆ ಅಲ್ಲಿಗೇ ಬೇರೆ ಸಮಿತಿ ಇದೆ. ಎಲ್ಲಿಗೆ ಹೋಗಬೇಕು ಅಂತ ಗೊಂದಲ ಆದರೆ 15100ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಆನ್‌ಲೈನಿನಲ್ಲೂ ಅರ್ಜಿ ಹಾಕಬಹುದು, ಆದರೆ ನನ್ನನ್ನು ಕೇಳಿದರೆ ಖುದ್ದಾಗಿ ಹೋಗುವುದೇ ವಾಸಿ. ಕಾಗದ ನೋಡಿದವರು ಅಲ್ಲೇ ಕೊನೆಯ ದಿನ ಯಾವುದು ಅಂತ ಹುಡುಕಿ ಹೇಳುತ್ತಾರೆ. ಅರ್ಜಿ ಕನ್ನಡದಲ್ಲೇ ಬರೆಯಬಹುದು. ಓದು ಬರಹ ಬಾರದಿದ್ದರೆ ನೀವು ಹೇಳಿದ್ದನ್ನು ಅಲ್ಲಿಯವರು ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು, ಅದು ಅವರ ಕೆಲಸ. ಅರ್ಜಿ ಬಗ್ಗೆ 7 ದಿನದೊಳಗೆ ತೀರ್ಮಾನ ಹೇಳಬೇಕು ಅಂತ ನಿಯಮ ಇದೆ.

ಈಗ ಯಾರೂ ಹೇಳದ ಒಂದು ಕಷ್ಟ ಹೇಳುತ್ತೇನೆ. ಪ್ರಾಧಿಕಾರದ ಪ್ಯಾನೆಲ್ ವಕೀಲರು, ಅಂದರೆ ಉಚಿತ ನೆರವಿಗೆ ಅಂತ ಅದರ ಪಟ್ಟಿಯಲ್ಲಿರುವ ವಕೀಲರು, ಜಾಸ್ತಿ ನೋಡುವುದು ಜಮೀನು, ಜೀವನಾಂಶ, ಕ್ರಿಮಿನಲ್ ಕೇಸುಗಳನ್ನು. ತೆರಿಗೆ ಅವರಲ್ಲಿ ಎಲ್ಲರಿಗೂ ರೂಢಿಯಿರುವ ವಿಷಯ ಅಲ್ಲ. ಹಾಗಾಗಿ ಅರ್ಜಿಯಲ್ಲಿ "ಉಚಿತ ವಕೀಲರು ಬೇಕು" ಅಂತ ಬರೆದು ಬಿಡಬೇಡಿ. "ಜಿಎಸ್‌ಟಿ ನೋಟಿಸಿಗೆ ಉತ್ತರ ಕೊಡಬೇಕಾಗಿದೆ, ಕೊನೆಯ ದಿನ ಇಂಥದ್ದು, ತೆರಿಗೆ ವಿಷಯ ಗೊತ್ತಿರುವ ವಕೀಲರನ್ನು ನೇಮಿಸಿ ಕೊಡಿ" ಅಂತ ಬಿಡಿಸಿ ಬರೆಯಿರಿ. ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರನ್ನು ನೇರವಾಗಿ ಕಂಡು ಇದನ್ನೇ ಬಾಯಲ್ಲೂ ಹೇಳಿ. ಕೊಟ್ಟ ವಕೀಲರು ಸರಿಯಾಗಿ ನೋಡುತ್ತಿಲ್ಲ ಅನ್ನಿಸಿದರೆ ಬದಲಾಯಿಸಿ ಅಂತ ಕೇಳುವುದಕ್ಕೂ ದಾರಿ ಇದೆ, ಸಂಕೋಚ ಬೇಡ.

ಇನ್ನು ಕೆಲಸದ ಅರ್ಧ ಭಾಗ ನಿಮ್ಮದೇ. ವಕೀಲರು ಎಷ್ಟೇ ಜಾಣರಾದರೂ ನಿಮ್ಮ ಖಾತೆಗೆ ಬಂದ ಯಾವ ಸಾವಿರ ಯಾರದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಬ್ಯಾಂಕಿನಿಂದ ಆ ವರ್ಷದ ಸ್ಟೇಟ್‌ಮೆಂಟ್ ತೆಗೆಸಿ. ಬಣ್ಣದ ಪೆನ್ನು ಹಿಡಿದು ಕೂತು ವ್ಯಾಪಾರದ ದುಡ್ಡಿಗೆ ಒಂದು ಗುರುತು, ಚೀಟಿ ಎತ್ತಿದ ದುಡ್ಡಿಗೆ ಒಂದು, ಕೈಸಾಲಕ್ಕೆ ಒಂದು, ಮಗ ಕಳಿಸಿದ್ದಕ್ಕೆ, ನಿಮ್ಮದೇ ಇನ್ನೊಂದು ಖಾತೆಯಿಂದ ಬಂದದ್ದಕ್ಕೆ ಒಂದೊಂದು ಗುರುತು ಹಾಕಿ. ನಾವು ಅಕ್ಕನ ಜೊತೆ ಎರಡು ರಾತ್ರಿ ಕೂತು ಇದನ್ನೇ ಮಾಡಿದ್ದು. ಚೀಟಿ ದುಡ್ಡು, ತಮ್ಮನ ಮನೆ ಕಟ್ಟಲು ಅವರ ಖಾತೆಯಿಂದ ಹಾದು ಹೋದ ದುಡ್ಡು ತೆಗೆದ ಮೇಲೆ ವರ್ಷದ ವ್ಯಾಪಾರ 20 ಲಕ್ಷದ ಒಳಗೇ ನಿಂತಿತು.

ಆ 20 ಲಕ್ಷ ಯಾಕೆ ಮುಖ್ಯ ಅಂದರೆ, ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಆಗುವುದು ವರ್ಷಕ್ಕೆ 20 ಲಕ್ಷ ದಾಟಿದರೆ. ಹೋಟೆಲು, ಟೀ ಅಂಗಡಿ ಈ ಲೆಕ್ಕದಲ್ಲೇ ಬರುತ್ತವೆ. ಬರೀ ಸಾಮಾನು ಮಾರುವವರಿಗೆ 40 ಲಕ್ಷ. ತಾಜಾ ತರಕಾರಿ, ಹಣ್ಣು, ಹಾಲಿನಂಥ ತೆರಿಗೆ ಇಲ್ಲದ ಸಾಮಾನು ಮಾತ್ರ ಮಾರುವವರಾದರೆ ಎಷ್ಟೇ ವಹಿವಾಟಾದರೂ ನೋಂದಣಿ ಬೇಕಿಲ್ಲ, ಅದಕ್ಕೆ ಮಂಡಿಯ ಚೀಟಿ, ಡೈರಿ ಪುಸ್ತಕ ಏನಿದೆಯೋ ಎಲ್ಲ ಜೋಡಿಸಿಡಿ. 2025ರ ಜುಲೈನಲ್ಲಿ ವ್ಯಾಪಾರಿಗಳ ಜೊತೆ ಸಭೆ ಆದ ಮೇಲೆ, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಮುಖ್ಯಮಂತ್ರಿಗಳು ಹೇಳಿದ್ದರು. ಅದನ್ನು ನಂಬಿಕೊಂಡು ಉತ್ತರ ಕೊಡದೆ ಇರಬೇಡಿ. ನಿಮ್ಮ ಹೆಸರಿನ ನೋಟಿಸ್ ಮುಗಿಯಿತು ಅಂತ ಬರಹದಲ್ಲಿ ಕೈಗೆ ಬರುವ ತನಕ ಅದು ಬಾಕಿಯೇ.

ದಿನಗಳ ಲೆಕ್ಕ ಇಲ್ಲಿ ಪ್ರಾಣ ಇದ್ದ ಹಾಗೆ. ನೋಟಿಸಿಗೆ ಉತ್ತರ ಕೊಡುವ ಕೊನೆಯ ದಿನ ನೋಟಿಸಿನಲ್ಲೇ ಇರುತ್ತದೆ. ಅಷ್ಟರೊಳಗೆ ವಕೀಲರು ಸಿಗದಿದ್ದರೆ ನೀವೇ ಒಂದು ಹಾಳೆ ಬರೆದು ಕೊಡಿ: ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿದ್ದೇನೆ, ಸ್ವಲ್ಪ ಸಮಯ ಕೊಡಿ, ನನ್ನ ಮಾತನ್ನು ಖುದ್ದಾಗಿ ಕೇಳಿ ಅಂತ. ಅರ್ಜಿಯ ಪ್ರತಿ ಜೊತೆಗಿಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ಜಿಎಸ್‌ಟಿಯಲ್ಲಿ ವಿಚಾರಣೆ ಬೇಕು ಅಂತ ಬರೆದು ಕೇಳಿದರೆ ಕೊಡಲೇಬೇಕು. ಅಷ್ಟೆಲ್ಲ ಆಗಿಯೂ ಆದೇಶ ನಿಮ್ಮ ವಿರುದ್ಧ ಬಂದರೆ ಮೇಲ್ಮನವಿಗೆ 3 ತಿಂಗಳು ಇದೆ, ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು, ಅದಾದ ಮೇಲೆ ಬಾಗಿಲು ಮುಚ್ಚಿತು. ಮೇಲ್ಮನವಿಗೆ ಜಗಳದಲ್ಲಿರುವ ತೆರಿಗೆಯ 10% ಮೊದಲೇ ಕಟ್ಟಬೇಕು. ಇದು ವಕೀಲರ ಫೀ ಅಲ್ಲ, ತೆರಿಗೆಯದೇ ದುಡ್ಡು, ಹಾಗಾಗಿ ನೀವೇ ಹೊಂದಿಸಬೇಕಾಗುತ್ತದೆ. ಕಟ್ಟಿದರೆ ಉಳಿದದ್ದರ ವಸೂಲಿ ನಿಲ್ಲುತ್ತದೆ. ಅದಕ್ಕೇ ಮೊದಲ ನೋಟಿಸಿಗೇ ಗಟ್ಟಿಯಾಗಿ ಉತ್ತರ ಕೊಡಿ ಅನ್ನುವುದು.

ಆದಾಯ ತೆರಿಗೆಯಲ್ಲಿ ಮೇಲ್ಮನವಿಗೆ ಬರೀ 30 ದಿನ. ಶುಲ್ಕ 250ರಿಂದ 1,000 ರೂಪಾಯಿ ಅಷ್ಟೇ. ದಿನ ದಾಟಿದ್ದರೆ ಯಾಕೆ ತಡವಾಯಿತು ಅಂತ ಬರೆದು ಕ್ಷಮೆ ಕೇಳಬಹುದು. ಆಸ್ಪತ್ರೆ ಚೀಟಿ ಇದ್ದರೆ ಅದನ್ನೂ ಹಾಕಿ. ಎಲ್ಲ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲೇ, ಅಂದರೆ ವೆಬ್‌ಸೈಟಿನಲ್ಲೇ ನಡೆಯುತ್ತದೆ, ಮುಖಾಮುಖಿ ಅಧಿಕಾರಿ ಇಲ್ಲ. ಅದಕ್ಕೆ ಪಾಸ್‌ವರ್ಡ್, ನೋಂದಾಯಿಸಿದ ಮೊಬೈಲ್ ನಂಬರ್ ನಿಮ್ಮ ಕೈಯಲ್ಲೇ ಇರಬೇಕು. ಎಷ್ಟೋ ಜನರದ್ದು ಹಿಂದೊಮ್ಮೆ ರಿಟರ್ನ್ ಹಾಕಿಕೊಟ್ಟ ಯಾರದ್ದೋ ನಂಬರಿಗೆ ಜೋಡಣೆಯಾಗಿರುತ್ತದೆ, ನೋಟಿಸ್ ಬಂದದ್ದೇ ಗೊತ್ತಾಗುವುದಿಲ್ಲ. ಇವತ್ತೇ ನೋಡಿಕೊಳ್ಳಿ.

ಕೂಲಿ ಮಾಡುವವರಿಗೆ ಕೋಟಿಗಟ್ಟಲೆ ವಹಿವಾಟಿನ ನೋಟಿಸ್ ಬಂದರೆ ಹೆಚ್ಚಿನ ಸಲ ಅವರ ಪ್ಯಾನ್ ನಂಬರ್ ಬೇರೆ ಯಾರೋ ಬಳಸಿರುತ್ತಾರೆ. ಪೋರ್ಟಲ್‌ನಲ್ಲಿ ಎಐಎಸ್ ಅನ್ನುವ ವಾರ್ಷಿಕ ಮಾಹಿತಿ ಪಟ್ಟಿ ತೆಗೆದು, ನಿಮ್ಮದಲ್ಲದ ಪ್ರತಿ ಸಾಲಿನ ಎದುರು ಇದು ನನ್ನದಲ್ಲ ಅಂತ ದಾಖಲಿಸಿ. ಪೊಲೀಸ್ ದೂರು ಕೊಟ್ಟು ಅದರ ಪ್ರತಿಯನ್ನು ಉತ್ತರಕ್ಕೆ ಲಗತ್ತಿಸಿ. ದೂರು ತೆಗೆದುಕೊಳ್ಳಲು ಸತಾಯಿಸಿದರೆ ಅದನ್ನೂ ಪ್ರಾಧಿಕಾರದ ವಕೀಲರಿಗೆ ಹೇಳಿ, ಅದೂ ಕಾನೂನು ನೆರವೇ. ಇನ್ನೊಂದು, ನೋಟಿಸ್ ಅಸಲಿಯೋ ನಕಲಿಯೋ ಮೊದಲು ನೋಡಿ. ಆದಾಯ ತೆರಿಗೆ ನೋಟಿಸ್ ಮೇಲೆ ಡಿಐಎನ್ ಅಂತ ಒಂದು ನಂಬರ್ ಇರುತ್ತದೆ, ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೂ ಪರೀಕ್ಷಿಸಬಹುದು. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ ಈಗಲೇ ದುಡ್ಡು ಹಾಕಿ ಅಂದರೆ ಒತ್ತಬೇಡಿ.

ಮೊದಲ ದಿನ ಹೋಗುವಾಗ ನೋಟಿಸ್ ಬಂದ ಲಕೋಟೆಯನ್ನೂ ಎಸೆಯದೆ ತೆಗೆದುಕೊಂಡು ಹೋಗಿ, ಅದರ ಮೇಲಿನ ಅಂಚೆ ಮುದ್ರೆಯಿಂದ ಕಾಗದ ಯಾವತ್ತು ಕೈಸೇರಿತು ಅಂತ ತೋರಿಸಬಹುದು. ಆಧಾರ್, ಪ್ಯಾನ್, ಜಾತಿ ಪ್ರಮಾಣಪತ್ರ ಅಥವಾ ರೇಷನ್ ಕಾರ್ಡ್, ಸ್ಟೇಟ್‌ಮೆಂಟ್, ಎಲ್ಲದರ ಎರಡೆರಡು ಜೆರಾಕ್ಸ್ ಇರಲಿ. ಪ್ರಾಧಿಕಾರ ನೇಮಿಸಿದ ವಕೀಲರು ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವ ಹಾಗಿಲ್ಲ, ಅವರ ಫೀ ಪ್ರಾಧಿಕಾರವೇ ಕೊಡುತ್ತದೆ. ಯಾರಾದರೂ ಕೇಳಿದರೆ ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ಬರಹದಲ್ಲಿ ದೂರು ಕೊಡಿ. ಅರ್ಜಿಯನ್ನೇ ತಿರಸ್ಕರಿಸಿದರೆ ಕಾರಣ ಬರೆದು ಕೊಡಿ ಅಂತ ಕೇಳಿ ಪಡೆದು, ಅದೇ ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಹಾಕಿ. ಜಿಲ್ಲೆಯಲ್ಲಿ ಅಧ್ಯಕ್ಷರಾಗಿರುವುದು ಜಿಲ್ಲಾ ನ್ಯಾಯಾಧೀಶರು.